ಓದುಗರ ಪ್ರಶ್ನೆ, ನಮ್ಮ ಉತ್ತರ: ಎಡಗೈ ಎಸೆತಗಾರ ವಾರನ್ ಸ್ಪಾನ್

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ವಯಸ್ಸಾದ ಮೇಲೂ ಚೆಂಡು ಕೈಬಿಡದೆ ಆಡಿದವರ ಮಾತು ಬಂದಾಗ, ಅಮೆರಿಕದ ಬೇಸ್‌ಬಾಲ್ ಆಟಗಾರ ವಾರನ್ ಸ್ಪಾನ್ ತಮ್ಮ 42ನೆಯ ವಯಸ್ಸಿನಲ್ಲಿ ಒಂದೇ ಋತುವಿನಲ್ಲಿ 23 ಪಂದ್ಯಗಳನ್ನು ಗೆದ್ದರು ಎಂದು ಒಂದು ವಾಕ್ಯ ಬರೆದಿದ್ದೆ. ಆ ವಾಕ್ಯವನ್ನು ಹಿಡಿದು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಮತ್ತು ಅಳಿಯ ಅಮೆರಿಕದ ಮಿಲ್ವಾಕಿ ನಗರದಲ್ಲಿದ್ದಾರೆ. ಹೋದ ವರ್ಷ ನಾನು ಅಲ್ಲಿಗೆ ಹೋಗಿದ್ದಾಗ, ನೆರೆಮನೆಯ ಹಿರಿಯರೊಬ್ಬರು ಸ್ಪಾನ್ ಅವರ ಹಳೆಯ ಚಿತ್ರವನ್ನು ದೇವರ ಪಟದಂತೆ ಜೋಪಾನ ಮಾಡಿ ಇಟ್ಟುಕೊಂಡಿದ್ದನ್ನು ಕಂಡೆ. ಅವರು 363 ಪಂದ್ಯ ಗೆದ್ದವರು ಎಂದು ಆ ಹಿರಿಯರು ಹೇಳಿದರು. ತಂಡದಲ್ಲಿ ಒಂಬತ್ತು ಮಂದಿ ಆಡುವಾಗ ಗೆಲುವು ಒಬ್ಬರ ಹೆಸರಿಗೆ ಹೇಗೆ ಜಮೆಯಾಗುತ್ತದೆ? ಆ ಊರಿನವರಿಗೆ ಅವರ ಮೇಲೆ ಅಷ್ಟು ಪ್ರೀತಿ ಏಕೆ? (ನಿವೃತ್ತ ರೈಲ್ವೆ ನೌಕರರು, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ತಮ್ಮ ಮೊದಲ ಸಂಶಯವನ್ನು ಬಿಡಿಸಿಕೊಳ್ಳದಿದ್ದರೆ ಮುಂದೆ ಬರುವ ಯಾವ ಅಂಕಿಯೂ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವರನ್ನು ಪಿಚರ್ ಎನ್ನುತ್ತಾರೆ. ಕ್ರಿಕೆಟ್ಟಿನ ಬೌಲರ್‌ಗೆ ಆರು ಎಸೆತಗಳಾದ ಕೂಡಲೇ ಒಂದು ಓವರಿನ ಬಿಡುವು ಸಿಗುತ್ತದೆ, ಇನ್ನೊಂದು ತುದಿಯಿಂದ ಭಾರ ಹಂಚಿಕೊಳ್ಳಲು ಜೊತೆಗಾರನಿರುತ್ತಾನೆ. ಪಿಚರ್‌ಗೆ ಇವೆರಡೂ ಇಲ್ಲ. ಪಂದ್ಯವನ್ನು ಆರಂಭಿಸಿದ ಪಿಚರ್, ಮ್ಯಾನೇಜರ್ ತನ್ನನ್ನು ಬದಲಿಸುವವರೆಗೆ ತಂಡದ ಪ್ರತಿಯೊಂದು ಎಸೆತವನ್ನೂ ತಾನೇ ಎಸೆಯಬೇಕು. ಇನಿಂಗ್ಸಿಗೆ ಮೂವರಂತೆ ಒಂಬತ್ತು ಇನಿಂಗ್ಸುಗಳಲ್ಲಿ ಎದುರಾಳಿಯ 27 ಔಟ್‌ಗಳು ಆಗಬೇಕು. ಎಸೆಯುವ ದೂರ 60 ಅಡಿ 6 ಅಂಗುಲ, ಅಂದರೆ ನಮ್ಮ 22 ಗಜದ ಪಿಚ್ಚಿಗಿಂತ ಐದೂವರೆ ಅಡಿ ಕಡಿಮೆ. ಚೆಂಡು ನೆಲಕ್ಕೆ ತಾಗದೆ ನೇರವಾಗಿ ಬ್ಯಾಟುಗಾರನ ಮುಂದೆ ಹಾದುಹೋಗುತ್ತದೆ. ಮೊಣಕೈ ಮಡಚಿ ಎಸೆಯುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ.

ಇನ್ನು ಗೆಲುವಿನ ಲೆಕ್ಕ. ಒಂದು ತಂಡ ಮುನ್ನಡೆ ಪಡೆದು, ಅದನ್ನು ಕೊನೆಯವರೆಗೆ ಬಿಟ್ಟುಕೊಡದೆ ಗೆದ್ದಾಗ, ಆ ಮುನ್ನಡೆ ದಕ್ಕಿದ ಹೊತ್ತಿನಲ್ಲಿ ಆ ತಂಡದ ಪಿಚರ್ ಆಗಿದ್ದವರ ಹೆಸರಿಗೆ ಗೆಲುವನ್ನು ಬರೆಯುತ್ತಾರೆ. ಅವರು ಪಂದ್ಯವನ್ನು ಆರಂಭಿಸಿದವರಾಗಿದ್ದರೆ ಕನಿಷ್ಠ ಐದು ಇನಿಂಗ್ಸುಗಳನ್ನಾದರೂ ಪೂರೈಸಿರಬೇಕು. ಈಗಿನ ಪಿಚರ್‌ಗಳು ಐದಾರು ಇನಿಂಗ್ಸು ಎಸೆದು ಹಿಂದಿರುಗುವುದೇ ಹೆಚ್ಚಾದ್ದರಿಂದ, ಈ ಲೆಕ್ಕಕ್ಕೆ ಇಂದು ಅಷ್ಟು ಬೆಲೆ ಕೊಡುವುದಿಲ್ಲ. ಸ್ಪಾನ್ ಅವರ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ನಾನು ಪೂರ್ತಿಯಾಗಿ ನಂಬುತ್ತೇನೆ, ಏಕೆಂದರೆ ಅವರು ಆರಂಭಿಸಿದ 665 ಪಂದ್ಯಗಳಲ್ಲಿ 382ನ್ನು ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ತಾವೇ ಮುಗಿಸಿದ್ದಾರೆ. ಗೆದ್ದದ್ದು 363, ಸೋತದ್ದು 245. ಎಡಗೈ ಪಿಚರ್‌ಗಳಲ್ಲಿ ಇಷ್ಟು ಗೆದ್ದವರು ಇನ್ನೊಬ್ಬರಿಲ್ಲ. ಅವರ ನಂತರದ ಸ್ಥಾನದಲ್ಲಿರುವ ಸ್ಟೀವ್ ಕಾರ್ಲ್‌ಟನ್ ಅವರದು 329. ಬ್ಯಾಟು ಹಿಡಿದಾಗಲೂ ಅವರು 35 ಹೋಮ್ ರನ್ (ನಮ್ಮ ಸಿಕ್ಸರಿನಂತೆ ಚೆಂಡು ಬೇಲಿಯಾಚೆ ಹೋಗುವ ಹೊಡೆತ) ಹೊಡೆದಿದ್ದಾರೆ. ಅವರ ಒಟ್ಟು ಹಿಟ್‌ಗಳ, ಅಂದರೆ ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪಿದ ಹೊಡೆತಗಳ, ಸಂಖ್ಯೆಯೂ ಸರಿಯಾಗಿ 363 ಆಗಿರುವುದನ್ನು ಕಂಡು ನಾನು ಎರಡು ಸಲ ಕೂಡಿಸಿ ನೋಡಿದ್ದುಂಟು.

ಮಿಲ್ವಾಕಿಯ ಪ್ರೀತಿಗೆ ಕಾರಣ ಬೇರೆಯೇ ಇದೆ. ಸ್ಪಾನ್ ಹುಟ್ಟಿದ್ದು 1921ರ ಏಪ್ರಿಲ್ 23ರಂದು, ನ್ಯೂಯಾರ್ಕ್ ರಾಜ್ಯದ ಬಫೆಲೋ ನಗರದಲ್ಲಿ. ಆಡಲು ಸೇರಿದ್ದು ಬಾಸ್ಟನ್ ಬ್ರೇವ್ಸ್ ತಂಡಕ್ಕೆ. 1948ರಲ್ಲಿ ಆ ತಂಡ, ಅಮೆರಿಕದ ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗನ್ನು ಗೆದ್ದಾಗ ಸ್ಪಾನ್ ಮತ್ತು ಜಾನಿ ಸೇನ್ ಎಂಬ ಇಬ್ಬರು ಪಿಚರ್‌ಗಳ ಮೇಲೆಯೇ ಅದು ಎಷ್ಟು ನಿಂತಿತ್ತೆಂದರೆ, ಸ್ಪಾನ್ ಆದ ಮೇಲೆ ಸೇನ್, ಸೇನ್ ಆದ ಮೇಲೆ ಮಳೆ ಬರಲೆಂದು ಪ್ರಾರ್ಥನೆ ಎಂಬ ಮಾತು ಬಾಸ್ಟನ್ ಊರಿನಲ್ಲಿ ಗಾದೆಯಂತೆ ಹಬ್ಬಿತು. ಆದರೆ ಕೆಲವೇ ವರ್ಷಗಳಲ್ಲಿ ಬಾಸ್ಟನ್ ಜನ ಆ ತಂಡವನ್ನು ಮರೆತರು. 1952ರ ಇಡೀ ಋತುವಿನಲ್ಲಿ ಮೈದಾನಕ್ಕೆ ಬಂದವರು 2 ಲಕ್ಷ 81 ಸಾವಿರ ಮಂದಿ ಮಾತ್ರ. ಮರುವರ್ಷ ತಂಡ ಮಿಲ್ವಾಕಿಗೆ ಸ್ಥಳಾಂತರವಾದಾಗ ಅದೇ ಆಟವನ್ನು ನೋಡಲು 18 ಲಕ್ಷಕ್ಕೂ ಹೆಚ್ಚು ಜನ ಬಂದರು. ಸ್ಪಾನ್ ಆ ವರ್ಷ 23 ಗೆದ್ದು, ಸೋತದ್ದು ಏಳು ಮಾತ್ರ. 1957ರಲ್ಲಿ ಮಿಲ್ವಾಕಿ ಬ್ರೇವ್ಸ್, ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು, ಎರಡೂ ಲೀಗುಗಳ ವಿಜೇತರ ನಡುವೆ ನಡೆಯುವ ವರ್ಲ್ಡ್ ಸೀರೀಸಿನಲ್ಲಿ 4-3ರಿಂದ ಸೋಲಿಸಿತು. ಅದೇ ವರ್ಷ ಎರಡೂ ಲೀಗುಗಳಿಗೆ ಸೇರಿ ಅತ್ಯುತ್ತಮ ಪಿಚರ್ ಎಂದು ಒಬ್ಬರಿಗೇ ಕೊಡುತ್ತಿದ್ದ ಸೈ ಯಂಗ್ ಪ್ರಶಸ್ತಿ ಸ್ಪಾನ್ ಅವರಿಗೆ ಸಂದಿತು. 1965ರ ಋತು ಮುಗಿದ ಮೇಲೆ ತಂಡ ಅಟ್ಲಾಂಟಾಗೆ ಹೊರಟುಹೋಯಿತು. ಹೀಗಾಗಿ ಆ ಊರಿನ ಹಿರಿಯರಿಗೆ ಬ್ರೇವ್ಸ್ ಎಂದರೆ ಹದಿಮೂರೇ ಋತುಗಳ ಸಂಸಾರ. ಅದರಲ್ಲಿ ಹನ್ನೆರಡು ಋತು ಸ್ಪಾನ್ ಅವರೊಂದಿಗಿದ್ದರು. ತಾವು ಕಂಡ ಆ ಚಿತ್ರದಲ್ಲಿ ಆ ಹಿರಿಯರ ಬಾಲ್ಯವೂ ಇದ್ದಿರಬೇಕು.

ಪ್ರಶ್ನೆ: ಸ್ಪಾನ್ ಅವರು ಎರಡನೆಯ ಮಹಾಯುದ್ಧದಲ್ಲಿ ಮೂರು ವರ್ಷ ಆಟವನ್ನೇ ಕಳೆದುಕೊಂಡರೆಂದು ಓದಿದೆ. ನಮ್ಮಲ್ಲಿ ಪರೀಕ್ಷೆಗಾಗಿ ಒಂದು ವರ್ಷ ಮೈದಾನಕ್ಕೆ ಬರದ ಮಕ್ಕಳನ್ನೂ ಪಾಲಕರು ‘ಇನ್ನು ಇವನ ಆಟ ಮುಗಿಯಿತು’ ಎಂದುಬಿಡುತ್ತಾರೆ. ಯುದ್ಧವಿಲ್ಲದಿದ್ದರೆ ಸ್ಪಾನ್ 400 ಗೆಲ್ಲುತ್ತಿದ್ದರೇ? (ದೈಹಿಕ ಶಿಕ್ಷಣ ಶಿಕ್ಷಕಿ, ಸಪ್ತಾಪುರ, ಧಾರವಾಡ)

ಉತ್ತರ: ಯುದ್ಧಕ್ಕೆ ಹೋಗುವ ಮುನ್ನವೇ ಅವರಿಗೆ ಒಂದು ಪೆಟ್ಟು ಬಿದ್ದಿತ್ತು. 1942ರಲ್ಲಿ, ಇಪ್ಪತ್ತೊಂದರ ಹುಡುಗ ಬಾಸ್ಟನ್ ತಂಡಕ್ಕೆ ಬಂದಾಗ ಮ್ಯಾನೇಜರ್ ಆಗಿದ್ದವರು ಕೇಸಿ ಸ್ಟೆಂಗೆಲ್. ಎದುರಾಳಿ ಬ್ಯಾಟುಗಾರ ಪೀ ವೀ ರೀಸ್ ಅವರ ಮೈಗೆ ಹತ್ತಿರವಾಗಿ ಚೆಂಡೆಸೆದು ಬೆದರಿಸಲು ಸ್ಟೆಂಗೆಲ್ ಹೇಳಿದರು. ಹುಡುಗ ಹಾಗೆ ಎಸೆಯಲಿಲ್ಲ. ಇವನಿಗೆ ಗುಂಡಿಗೆಯಿಲ್ಲ ಎಂದು ತೀರ್ಮಾನಿಸಿದ ಸ್ಟೆಂಗೆಲ್, ಸ್ಪಾನ್ ಅವರನ್ನು ಕೆಳಗಿನ ದರ್ಜೆಯ ಲೀಗಿಗೆ ಕಳುಹಿಸಿಬಿಟ್ಟರು. ತನ್ನ ಬದುಕಿನ ದೊಡ್ಡ ತಪ್ಪು ಅದೇ ಎಂದು ಮುಂದೆ ಅವರೇ ಒಪ್ಪಿಕೊಂಡರು. ಒಪ್ಪಿಕೊಳ್ಳಲು ಕಾರಣವೂ ಇತ್ತು: ಗುಂಡಿಗೆಯಿಲ್ಲ ಎನಿಸಿಕೊಂಡ ಆ ಹುಡುಗ ಸೈನ್ಯದ ಎಂಜಿನಿಯರ್ ದಳದಲ್ಲಿ ಯುರೋಪಿಗೆ ಹೋಗಿ, 1944ರ ಕೊನೆಯ ಚಳಿಯಲ್ಲಿ ನಡೆದ ಬಲ್ಜ್ ಕದನವನ್ನು ಕಂಡು, 1945ರ ಮಾರ್ಚಿನಲ್ಲಿ ರೈನ್ ನದಿಯ ರೆಮಾಗೆನ್ ಸೇತುವೆಯನ್ನು ಕಾಯ್ದುಕೊಳ್ಳುವ ಕೆಲಸದಲ್ಲಿದ್ದರು. ಬಾಂಬಿನ ಚೂರು ತಾಗಿ ಕಾಲಿಗೆ ಗಾಯವಾಯಿತು. ಮಾರ್ಚ್ 17ರಂದು ಆ ಸೇತುವೆ ಕುಸಿದು ಅನೇಕ ಎಂಜಿನಿಯರ್‌ಗಳು ಸತ್ತರು, ಅವರು ಬದುಕುಳಿದರು. ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಬಂದಿತು, ಸಾಮಾನ್ಯ ಸೈನಿಕನಾಗಿದ್ದವರನ್ನು ರಣಭೂಮಿಯಲ್ಲಿಯೇ ಅಧಿಕಾರಿಯ ಹುದ್ದೆಗೆ ಏರಿಸಲಾಯಿತು. ಆ ಹುದ್ದೆಯಿಂದಾಗಿ ಸೇವೆಯ ಅವಧಿ ಬೆಳೆದು, ಇತರ ಆಟಗಾರರು ಮೈದಾನಕ್ಕೆ ಮರಳಿದ ಮೇಲೆಯೂ ಅವರು ಸಮವಸ್ತ್ರದಲ್ಲಿಯೇ ಉಳಿಯಬೇಕಾಯಿತು. ದೊಡ್ಡ ಲೀಗಿನಲ್ಲಿ ಅವರ ಮೊದಲ ಗೆಲುವು ದಕ್ಕಿದ್ದು 1946ರ ಜುಲೈ 14ರಂದು. ಆಗ ಅವರಿಗೆ 25 ತುಂಬಿತ್ತು.

ವರ್ಷಕ್ಕೆ ಹದಿನೈದರಂತೆ ಲೆಕ್ಕ ಹಾಕಿದರೂ 400 ದಾಟುತ್ತದೆ ಎಂದು ಹೇಳುವವರು ಅನೇಕರಿದ್ದಾರೆ. ಸ್ಪಾನ್ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಆ ಮೂರು ವರ್ಷಗಳಲ್ಲಿ ತಾನು ಬಲಿತೆನೆಂದೂ, ದೊಡ್ಡ ಬ್ಯಾಟುಗಾರರನ್ನು ಎದುರಿಸಲು 22ಕ್ಕಿಂತ 25ರಲ್ಲಿ ಹೆಚ್ಚು ಸಿದ್ಧನಾಗಿದ್ದೆನೆಂದೂ, ಇಲ್ಲದಿದ್ದರೆ 44ರವರೆಗೆ ಎಸೆಯಲು ಆಗುತ್ತಿರಲಿಲ್ಲವೇನೋ ಎಂದೂ ಅವರು ಹೇಳಿದ್ದಾರೆ. ನಾನು ಅವರ ಮಾತಿನ ಕಡೆಯೇ ವಾಲುತ್ತೇನೆ. ತಮ್ಮ ಪಾಲಕರ ಸಭೆಯಲ್ಲಿ ಮುಂದಿಡಲು ಒಂದು ಅಂಕಿ ಕೊಡುತ್ತೇನೆ: 1956ರಲ್ಲಿ ಅವರಿಗೆ 35 ತುಂಬಿತು, ಆ ಋತುವಿನಿಂದ ಮುಂದಕ್ಕೆ ಅವರು ಗೆದ್ದದ್ದು 180. ಅಂದರೆ, ಇತರರು ಆಟ ಬಿಟ್ಟು ಅಂಗಡಿ ತೆರೆಯುವ ವಯಸ್ಸಿನ ನಂತರ ಬಂದದ್ದು ಅವರ ಗಳಿಕೆಯ ಸರಿಸುಮಾರು ಅರ್ಧ.

ಪ್ರಶ್ನೆ: ಸರ್, ನಾನು ಎಡಗೈ ಸ್ಪಿನ್ನರ್. ವಾರಕ್ಕೆ ಮೂರು ದಿನ ಗದಗಿನಿಂದ ಹುಬ್ಬಳ್ಳಿಗೆ ನೆಟ್ಸಿಗೆ ಹೋಗುತ್ತೇನೆ. ನನ್ನ ಚೆಂಡಿಗೆ ವೇಗ ಸಾಲದು ಎಂದು ಎಲ್ಲರೂ ಹೇಳುತ್ತಾರೆ. ಸ್ಪಾನ್ ಅಷ್ಟು ವರ್ಷ ಹೇಗೆ ಎಸೆದರು? ಅವರು ಎಸೆಯುತ್ತಿದ್ದ ಸ್ಕ್ರೂಬಾಲನ್ನು ನಾವು ಕಲಿಯಬಹುದೇ? (ಕಾಲೇಜು ವಿದ್ಯಾರ್ಥಿ, ಗದಗ)

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ನಾನು ಎಲ್ಲಕ್ಕಿಂತ ಹೆಚ್ಚು ಸಲ ಓದಿದ್ದೇನೆ. ನಾನೂ ಎಡಗೈ ಬೌಲರನೇ. ಮೂವತ್ತೊಂದರಲ್ಲಿ ಭುಜ ನೋಯತೊಡಗಿ, ಚೆಂಡಿನ ವೇಗ ಇಳಿದಾಗ, ಇನ್ನು ಇದು ನನ್ನಿಂದಾಗದು ಎಂದು ನಿಲ್ಲಿಸಿಬಿಟ್ಟೆ. ಸ್ಪಾನ್ ಅವರ ಕಥೆ ನನ್ನ ಕಣ್ಣಿಗೆ ಬಿದ್ದದ್ದು ಅದಾಗಿ ಹತ್ತು ವರ್ಷಗಳ ಮೇಲೆ. ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದ್ದರಿಂದ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲ ವರ್ಷಗಳಲ್ಲಿ ಸ್ಪಾನ್ ಅವರ ಬಲವೂ ವೇಗವೇ ಆಗಿತ್ತು. 1949ರಿಂದ 1952ರವರೆಗೆ ನಾಲ್ಕು ವರ್ಷ ನ್ಯಾಷನಲ್ ಲೀಗಿನಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್ ಮಾಡಿದವರು ಅವರೇ. ಸ್ಟ್ರೈಕ್‌ಔಟ್ ಎಂದರೆ ಮೂರು ಸ್ಟ್ರೈಕುಗಳಾಗಿ (ಬೀಸಿ ತಪ್ಪುವುದು, ಆಡಬೇಕಾದ ಚೆಂಡನ್ನು ಬಿಟ್ಟುಬಿಡುವುದು ಇತ್ಯಾದಿ), ಬ್ಯಾಟುಗಾರ ಚೆಂಡನ್ನು ಆಟಕ್ಕೆ ತರಲಾಗದೆಯೇ ಔಟಾಗುವುದು. ವಯಸ್ಸು ಮೂವತ್ತು ದಾಟಿದಂತೆ ಫಾಸ್ಟ್‌ಬಾಲ್ ಮೊದಲಿನಷ್ಟು ಹರಿಯಲಿಲ್ಲ. ಆಗ ಅವರು ಹೋದ ವೇಗವನ್ನು ತಿರುಗಿ ತರಲು ಹೊರಡದೆ, ಬೇರೆ ಎಸೆತಗಳನ್ನು ಕಲಿಯತೊಡಗಿದರು. ಸ್ಕ್ರೂಬಾಲ್ ಕೈಗೆ ಹತ್ತಿತು, ಮುಂದೆ, ವೇಗವಾಗಿ ಬಂದು ಕೊನೆಯಲ್ಲಿ ಪಕ್ಕಕ್ಕೆ ಜಾರುವ ಸ್ಲೈಡರ್ ಬಂದಿತು. ಎಡಗೈ ಪಿಚರ್ ಎಸೆಯುವ ಸಾಮಾನ್ಯ ಕರ್ವ್ ಚೆಂಡು ಬಲಗೈ ಬ್ಯಾಟುಗಾರನ ಮೈಯ ಕಡೆಗೆ ಬಾಗಿ ಬರುತ್ತದೆ. ಸ್ಕ್ರೂಬಾಲ್ ಅದಕ್ಕೆ ವಿರುದ್ಧವಾಗಿ ಅವನಿಂದ ದೂರಕ್ಕೆ ಸರಿದು ಕೆಳಗಿಳಿಯುತ್ತದೆ. ನಿಮ್ಮ ಚೆಂಡು ನೆಲಕ್ಕೆ ತಾಗಿ ಬಲಗೈ ಬ್ಯಾಟ್ಸ್‌ಮನ್ನಿನಿಂದ ಆಚೆ ತಿರುಗುತ್ತದಲ್ಲವೇ, ಅದೇ ಕೆಲಸವನ್ನು ಅವರು ಗಾಳಿಯಲ್ಲಿಯೇ ಮಾಡಿಸುತ್ತಿದ್ದರು.

ಬ್ಯಾಟ್ ಬೀಸುವುದೆಂದರೆ ಲಯ, ಚೆಂಡೆಸೆಯುವುದೆಂದರೆ ಆ ಲಯವನ್ನು ಕೆಡಿಸುವುದು ಎಂಬ ಅವರ ಮಾತು ಬೇಸ್‌ಬಾಲ್ ಲೋಕದಲ್ಲಿ ಬಹಳ ಪ್ರಸಿದ್ಧ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ತಾಳ ಶುರುವಾಗುವ ಸಮ್ಮಿಗೆ ಅರ್ಧ ಮಾತ್ರೆ ಮೊದಲು ಬಂದು ಬಿದ್ದ ತಾನಕ್ಕೂ, ಸರಿಯಾಗಿ ಬಿದ್ದ ತಾನಕ್ಕೂ ಇರುವ ಅಂತರ ಧಾರವಾಡದ ಶ್ರೋತೃಗಳಿಗೆ ಗೊತ್ತು. ಬ್ಯಾಟುಗಾರನನ್ನು ಆ ಅರ್ಧ ಮಾತ್ರೆ ತಪ್ಪಿಸುವುದಷ್ಟೇ ಸ್ಪಾನ್ ಅವರ ಉದ್ದೇಶವಾಗಿತ್ತು. ಅದಕ್ಕಾಗಿಯೇ ಆ ವಿಚಿತ್ರ ಭಂಗಿ: ಎರಡೂ ಕೈಗಳನ್ನು ಹಿಂದಕ್ಕೆ ತೂಗಿ, ತಲೆಯ ಮೇಲೆ ತಂದು, ಬಲಗಾಲನ್ನು ಮುಖದ ಎತ್ತರಕ್ಕೆ ಎತ್ತಿ ಎಸೆಯುವಾಗ, ಚೆಂಡು ಕೈಯಿಂದ ಹೊರಡುವ ಕೊನೆಯ ಕ್ಷಣದವರೆಗೆ ಬ್ಯಾಟುಗಾರನಿಗೆ ಕಾಣುತ್ತಿರಲಿಲ್ಲ. ಎಲ್ಲ ಬಗೆಯ ಚೆಂಡುಗಳೂ ಆ ಒಂದೇ ಭಂಗಿಯಿಂದ ಬರುತ್ತಿದ್ದವು. ತೋಳಿನ ಮೇಲಿನ ಭಾರ ಇಡೀ ಮೈಗೆ ಹಂಚಿಹೋಗುತ್ತಿದ್ದುದರಿಂದ, ಅವರ ತೋಳು ಅಷ್ಟು ಕಾಲ ಬಾಳಿದ್ದರ ಗುಟ್ಟು ಆ ಭಂಗಿಯಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. 1947ರಿಂದ 1963ರವರೆಗಿನ ಹದಿನೇಳು ಋತುಗಳಲ್ಲಿ ಒಂದರಲ್ಲಿಯೂ ಅವರು 245 ಇನಿಂಗ್ಸಿಗಿಂತ ಕಡಿಮೆ ಎಸೆದಿಲ್ಲ.

ಇನ್ನೊಂದು ವಿಷಯ, ಗುರಿ. ಬ್ಯಾಟುಗಾರನ ಮುಂದೆ ಹಾಸಿರುವ ಹೋಮ್ ಪ್ಲೇಟಿನ ಅಗಲ 17 ಅಂಗುಲ. ಅದರ ನಡುವಿನ 12 ಅಂಗುಲ ತನ್ನ ಪಾಲಿಗೆ ಇಲ್ಲವೇ ಇಲ್ಲ, ಎರಡೂ ಅಂಚಿನ ಎರಡೂವರೆ ಅಂಗುಲಗಳಿಗೆ ಮಾತ್ರ ಎಸೆಯುತ್ತೇನೆ ಎಂದು ಸ್ಪಾನ್ ಹೇಳುತ್ತಿದ್ದರು. ನೆಟ್ಸಿನಲ್ಲಿ ನೀವು ಬಿಳಿ ಸುಣ್ಣದಿಂದ ಅಷ್ಟಗಲದ ಗೆರೆ ಎಳೆದು ನೋಡಿ; ಮೂರು ಬೆರಳಿಗಿಂತ ಸ್ವಲ್ಪವೇ ಹೆಚ್ಚು.

ಸ್ಕ್ರೂಬಾಲನ್ನು ಮಾತ್ರ ಕಲಿಯಲು ಹೋಗಬೇಡಿ. ಕ್ರಿಕೆಟ್ಟಿನಲ್ಲಿ ಮೊಣಕೈ ಮಡಚಿ ಎಸೆದರೆ ನೋಬಾಲ್ ಆಗುವುದು ಒಂದು ಕಾರಣವಾದರೆ, ಆ ಚೆಂಡಿಗಾಗಿ ಮುಂಗೈಯನ್ನು ಸಹಜಕ್ಕೆ ವಿರುದ್ಧವಾಗಿ ತಿರುಚಬೇಕಾಗುವುದು ಅದಕ್ಕಿಂತ ದೊಡ್ಡ ಕಾರಣ. ಸ್ಪಾನ್ ಅವರಿಗಿಂತ ಮೊದಲು ಆ ಚೆಂಡಿನಿಂದಲೇ ಹೆಸರಾದ ಕಾರ್ಲ್ ಹಬೆಲ್ ಅವರ ಎಡಗೈ, ಸುಮ್ಮನೆ ಜೋತುಬಿಟ್ಟಾಗಲೂ ಅಂಗೈ ಹೊರಮುಖವಾಗಿಯೇ ನಿಲ್ಲುತ್ತಿತ್ತು. ನಿಮ್ಮ ಅಸ್ತ್ರ ನಿಮ್ಮ ಊರಿನಲ್ಲಿಯೇ ಇದೆ. ಗದಗಿನ ಸುನೀಲ್ ಜೋಶಿ ಅವರೂ ಎಳವೆಯಲ್ಲಿ ಬೆಳಗಿನ ಗಾಡಿ ಹತ್ತಿ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಬರುತ್ತಿದ್ದವರು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಅವರು ಹತ್ತು ಓವರುಗಳಲ್ಲಿ ಆರು ಮೇಡನ್ ಎಸೆದು, ಆರೇ ಓಟ ಕೊಟ್ಟು ಐದು ವಿಕೆಟ್ ಪಡೆದರು. ಆ ಹತ್ತು ಓವರುಗಳಲ್ಲಿ ಬ್ಯಾಟುಗಾರರ ಲಯ ಕೆಟ್ಟದ್ದು ವೇಗದಿಂದ ಅಲ್ಲ.

ವೇಗ ಸಾಲದು ಎಂದು ಹೇಳುವವರಿಗೆ ನಮ್ಮ ಗಂಗೂಬಾಯಿ ಹಾನಗಲ್ಲರನ್ನೂ ನೆನಪಿಸಿ. ಗಂಟಲಿನ ಚಿಕಿತ್ಸೆಯ ನಂತರ ಅವರ ತೆಳುವಾದ ಧ್ವನಿ ಮರಳಿ ಬರಲಿಲ್ಲ. ಬಂದದ್ದು ಗಂಡು ಕಂಠದಂತಹ ಗಡಸು ಧ್ವನಿ. ಅದರಲ್ಲಿಯೇ ಅವರು ಕಿರಾಣಾ ಘರಾಣೆಯ ಹಾಡುಗಾರಿಕೆಯನ್ನು ಹೊಸದಾಗಿ ಕಟ್ಟಿಕೊಂಡು ದಶಕಗಳ ಕಾಲ ಹಾಡಿದರು. ಸ್ಪಾನ್ ಫಾಸ್ಟ್‌ಬಾಲನ್ನು ಕಳೆದುಕೊಂಡ ಮೇಲೆ ಮಾಡಿದ್ದು ಇದೇ ಜಾತಿಯ ಕೆಲಸವೆಂದು ನಾನು ತಿಳಿದಿದ್ದೇನೆ. 1960ರ ಸೆಪ್ಟೆಂಬರ್ 16ರಂದು ಫಿಲಡೆಲ್ಫಿಯಾ ತಂಡಕ್ಕೆ ಒಂದೂ ಹಿಟ್ ಕೊಡದೆ ಅವರು ಪಂದ್ಯ ಮುಗಿಸಿದರು. ಬೇಸ್‌ಬಾಲ್‌ನಲ್ಲಿ ಇದನ್ನು ನೋ-ಹಿಟ್ಟರ್ ಎನ್ನುತ್ತಾರೆ, ದೊಡ್ಡ ಪಿಚರ್‌ಗಳಲ್ಲಿಯೂ ಬಹಳ ಜನರಿಗೆ ಒಮ್ಮೆಯೂ ಸಿಗದ ಭಾಗ್ಯವದು. ಮತ್ತೆ 1961ರ ಏಪ್ರಿಲ್ 28ರಂದು, ನಲವತ್ತು ತುಂಬಿದ ಐದನೆಯ ದಿನ, ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ತಂಡದ ಮೇಲೆ ಎರಡನೆಯ ನೋ-ಹಿಟ್ಟರ್ ಎಸೆದರು. ಇಪ್ಪತ್ತರ ಹರೆಯದ ಅವರ ಫಾಸ್ಟ್‌ಬಾಲ್‌ಗೆ ಇವೆರಡೂ ದಕ್ಕಿರಲಿಲ್ಲ.

ಪ್ರಶ್ನೆ: ಸ್ಪಾನ್ ಅವರ ಅತ್ಯುತ್ತಮ ಪಂದ್ಯ ಯಾವುದು? ಅವರು ಸರಿಯಾದ ಹೊತ್ತಿಗೆ ನಿವೃತ್ತರಾದರೇ? (ಗೃಹಿಣಿ, ಹಾವೇರಿ)

ಉತ್ತರ: ಅವರು ಸೋತ ಪಂದ್ಯವನ್ನೇ ನಾನು ಹೆಸರಿಸುತ್ತೇನೆ. 1963ರ ಜುಲೈ 2ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ, 42ರ ಸ್ಪಾನ್ ಎದುರು ಜಯಂಟ್ಸ್ ತಂಡದಿಂದ ಎಸೆಯಲು ನಿಂತವರು 25ರ ಹುವಾನ್ ಮರಿಶಾಲ್. ಒಂಬತ್ತು ಇನಿಂಗ್ಸುಗಳಲ್ಲಿ ಯಾರಿಗೂ ಒಂದು ಓಟವೂ ಬರಲಿಲ್ಲ. ಆಟ ಮುಂದುವರಿಯಿತು, ಹತ್ತು, ಹನ್ನೆರಡು, ಹದಿನಾಲ್ಕು; ಇಬ್ಬರಲ್ಲಿ ಒಬ್ಬರೂ ಚೆಂಡನ್ನು ಬೇರೆಯವರ ಕೈಗೆ ಕೊಡಲಿಲ್ಲ. ಇಷ್ಟು ಸಾಕು ಎಂದು ಮ್ಯಾನೇಜರ್ ಹೇಳಲು ಬಂದಾಗ, ಆ ಕಡೆಯ 42ರವರು ನಿಂತಿರುವಾಗ ತಾನು ಹೋಗುವುದಿಲ್ಲ ಎಂದು ಮರಿಶಾಲ್ ಹಟ ಹಿಡಿದರಂತೆ. ಹದಿನಾರನೆಯ ಇನಿಂಗ್ಸಿನಲ್ಲಿ ವಿಲ್ಲಿ ಮೇಸ್ ಹೊಡೆದ ಹೋಮ್ ರನ್ನಿನಿಂದ ಜಯಂಟ್ಸ್ 1-0ರಿಂದ ಗೆದ್ದಿತು. ಅದೇ ವಿಲ್ಲಿ ಮೇಸ್ 1951ರಲ್ಲಿ ದೊಡ್ಡ ಲೀಗಿನ ತಮ್ಮ ಮೊತ್ತಮೊದಲ ಹೋಮ್ ರನ್ ಹೊಡೆದದ್ದೂ ಸ್ಪಾನ್ ಅವರ ಚೆಂಡಿಗೇ ಆಗಿತ್ತು. ಆ ರಾತ್ರಿ ಸ್ಪಾನ್ ಎಸೆದದ್ದು ಇನ್ನೂರಕ್ಕೂ ಮಿಕ್ಕಿದ ಚೆಂಡುಗಳು. ಇಂದು ನೂರು ಎಸೆತಗಳಾಗುವ ಹೊತ್ತಿಗೆ ಪಿಚರ್‌ನನ್ನು ಬದಲಿಸುತ್ತಾರೆ.

ನಿವೃತ್ತಿಯ ವಿಷಯದಲ್ಲಿ ತಮ್ಮ ಪ್ರಶ್ನೆ ನೋವಿನ ಜಾಗವನ್ನು ಮುಟ್ಟಿದೆ. 1963ರಲ್ಲಿ 23 ಗೆದ್ದವರು 1964ರಲ್ಲಿ ಗೆದ್ದದ್ದು ಆರು, ಸೋತದ್ದು ಹದಿಮೂರು. ಮಿಲ್ವಾಕಿ ಅವರನ್ನು ಬಿಟ್ಟುಕೊಟ್ಟಿತು. 1965ರಲ್ಲಿ ಅವರು ಸೇರಿದ ನ್ಯೂಯಾರ್ಕ್ ಮೆಟ್ಸ್ ತಂಡದ ಮ್ಯಾನೇಜರ್, 1942ರಲ್ಲಿ ಅವರನ್ನು ಹೊರಗೆ ಕಳುಹಿಸಿದ್ದ ಅದೇ ಕೇಸಿ ಸ್ಟೆಂಗೆಲ್ ಆಗಿದ್ದರು. ಋತುವಿನ ನಡುವೆ ಜಯಂಟ್ಸ್‌ಗೆ ಹೋಗಿ ಅಲ್ಲಿ ಕೊನೆಯ ಮೂರು ಗೆಲುವುಗಳನ್ನು ಪಡೆದರು. ಎರಡು ವರ್ಷ ಮೊದಲೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದು ಬರೆದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಆ ಸಾಲಿಗೆ ಸೇರುವುದಿಲ್ಲ. ಹೊಸ ಚೆಂಡು ಕಲಿತು ಕಲಿತು ಮುಂದಕ್ಕೆ ಹೋದವರಿಗೆ, ಇನ್ನೊಂದು ಚೆಂಡು ಎಲ್ಲೋ ಇದ್ದೀತು ಎಂದು ಹುಡುಕುವುದನ್ನು ಬಿಡುವುದು ಸುಲಭವಲ್ಲ. ತಾನು ಬೇಸ್‌ಬಾಲನ್ನು ಬಿಡಲಿಲ್ಲ, ಬೇಸ್‌ಬಾಲೇ ತನ್ನನ್ನು ಬಿಟ್ಟಿತು ಎಂದು ಅವರು ಹೇಳಿಕೊಂಡಿದ್ದರು. ಆಮೇಲೆಯೂ ಕೆಳಗಿನ ಲೀಗುಗಳಲ್ಲಿ ಕೆಲವು ಪಂದ್ಯ ಎಸೆದರು, ಒಕ್ಲಹೋಮಾದ ಟಲ್ಸಾ ತಂಡಕ್ಕೆ ಮ್ಯಾನೇಜರ್ ಆದರು. 1973ರಲ್ಲಿ ಅವರನ್ನು ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆರಿಸಲಾಯಿತು.

2003ರ ನವೆಂಬರ್ 24ರಂದು, 82ನೆಯ ವಯಸ್ಸಿನಲ್ಲಿ, ಒಕ್ಲಹೋಮಾದ ಬ್ರೋಕನ್ ಆ್ಯರೋ ಎಂಬ ಊರಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಅಟ್ಲಾಂಟಾದಲ್ಲಿ, ಬ್ರೇವ್ಸ್ ತಂಡದ ಅಂದಿನ ಮೈದಾನದ ಹೊರಗೆ, ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದರು. ಅದರಲ್ಲಿಯೂ ಬಲಗಾಲು ಮೇಲಕ್ಕೇ ಎದ್ದಿದೆ, ಚೆಂಡು ಹಿಡಿದ ಎಡಗೈ ಇನ್ನೂ ಹಿಂದೆಯೇ ಇದೆ.